ಮಕ್ಕಳಿಗೆ ಕಸದ ಲೆಕ್ಕ: ಐದು ವಾರದಲ್ಲಿ ಮನೆಯಲ್ಲೇ ಕಲಿಸುವ ಕ್ರಮ

"ಕಸ ಬೇರೆ ಮಾಡೋದನ್ನ ಮಕ್ಕಳಿಗೆ ಹೆಂಗ್ ಕಲಿಸೋದು?" ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಅದಾಗಲೇ ಎರಡು ಬಣ್ಣದ ಡಬ್ಬಿ ತಂದಿರುತ್ತಾರೆ. ಹತ್ತು ದಿನ ಉತ್ಸಾಹದಿಂದ ನಡೆದದ್ದು ಹನ್ನೊಂದನೇ ದಿನ ನಿಂತಿರುತ್ತದೆ. ಮಗು ಸೋಮಾರಿ ಎಂದು ಇದು ನಿಲ್ಲುವುದಿಲ್ಲ. ಕಸ ಡಬ್ಬಿಗೆ ಬೀಳುವ ಹೊತ್ತಿಗೆ ಏನು ತರಬೇಕು, ಎಷ್ಟು ತರಬೇಕು ಎಂಬುದನ್ನೆಲ್ಲ ದೊಡ್ಡವರು ಅಂಗಡಿಯಲ್ಲೇ ತೀರ್ಮಾನಿಸಿ ಆಗಿರುತ್ತದೆ. ಮಗುವಿಗೆ ಉಳಿಯುವುದು ಎತ್ತಿ ಹಾಕುವ ಕೂಲಿ ಮಾತ್ರ. ಅದಕ್ಕೇ ಕೆಳಗಿನ ಕ್ರಮ ಲೆಕ್ಕದಿಂದ ಶುರುವಾಗಿ, ಅಂಗಡಿಗೆ ಹೋಗಿ, ಆಮೇಲೆ ಗೊಬ್ಬರದ ಬಕೆಟ್ಟಿಗೆ ಬರುತ್ತದೆ. ಪ್ರತಿ ಹಂತದಲ್ಲೂ ಮಗು ತಾನೇ ತೀರ್ಮಾನಿಸುವ ಒಂದು ಸಂಗತಿ ಇರಲೇಬೇಕು. ಅದನ್ನು ತೆಗೆದುಬಿಟ್ಟರೆ ಉಳಿದದ್ದು ಉಪದೇಶ, ಅದು ನಿಲ್ಲುವುದಿಲ್ಲ.

ಬೇಕಾದ ಸಾಮಾನು

ಹೊಸದಾಗಿ ಕೊಳ್ಳುವಂಥದ್ದು ಹೆಚ್ಚೇನಿಲ್ಲ. ಕೊಕ್ಕೆಗೆ ತೂಗುಹಾಕುವ 10 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿ ಒಂದು. ಬಣ್ಣ ಖಾಲಿಯಾದ 20 ಲೀಟರಿನ ಪೇಂಟ್ ಬಕೆಟ್ ಮೂರು, ಮುಚ್ಚಳ ಸಮೇತ. ಮನೆ ಕಟ್ಟುವ ಕಡೆ, ಪೇಂಟರ್‌ಗಳ ಹತ್ತಿರ ಕೇಳಿದರೆ ಸಿಗುತ್ತವೆ. ಒಣ ಎಲೆ ತುಂಬಿಡಲು ಗೋಣಿಚೀಲ ಒಂದು. ಹಳೆಯ ನೋಟ್‌ಬುಕ್ ಒಂದು, ಕೊನೆಯಲ್ಲಿ ಖಾಲಿ ಹಾಳೆ ಇರುವಂಥದ್ದು. ಪರಿಸರಸ್ನೇಹಿ ಎಂದು ಬರೆದ ಬಿದಿರಿನ ಡಬ್ಬಿ, ಬಣ್ಣಬಣ್ಣದ ಬುಟ್ಟಿ ತಂದು ಶುರು ಮಾಡಬೇಡಿ. ಕಡಿಮೆ ಕೊಳ್ಳುವ ಪಾಠವನ್ನು ಕೊಳ್ಳುವುದರಿಂದಲೇ ಆರಂಭಿಸಿದರೆ ಮಗು ಕಲಿಯುವುದು ಕೊಳ್ಳುವುದನ್ನೇ.

ವಯಸ್ಸಿಗೆ ತಕ್ಕ ಕೆಲಸ ಕೊಡಿ. 4ರಿಂದ 6 ವರ್ಷದ ಮಗು ಪ್ಯಾಕೆಟ್ ಎಣಿಸಿ ಗೀಟು ಹಾಕಬಹುದು, ಒಣ ಎಲೆ ಪುಡಿ ಮಾಡಬಹುದು. 7ರಿಂದ 10ರವರು ತಕ್ಕಡಿ ಓದಿ ನೋಟ್‌ಬುಕ್ಕಿನಲ್ಲಿ ಬರೆಯಲಿ. 11 ದಾಟಿದವರಿಗೆ ಸಂತೆಯ ಚೀಟಿ, ದರದ ಲೆಕ್ಕ, ಗೊಬ್ಬರದ ಪೂರ್ತಿ ಜವಾಬ್ದಾರಿ ವಹಿಸಬಹುದು.

ಮೊದಲೇ ತಿಳಿಸಬೇಕಾದ ಎಚ್ಚರಿಕೆ

ಮಗು ಕೈ ಹಾಕಬಾರದ ಕಸ ಯಾವುದು ಎಂಬುದನ್ನು ಮೊದಲ ದಿನವೇ ತೋರಿಸಿ ಹೇಳಿ: ಒಡೆದ ಗಾಜು, ಬ್ಲೇಡು, ಸೂಜಿ, ಅವಧಿ ಮುಗಿದ ಮಾತ್ರೆ, ಬ್ಯಾಟರಿ ಸೆಲ್ಲು, ಟ್ಯೂಬ್‌ಲೈಟು, ಪ್ಯಾಡು, ಡೈಪರು. ಹಳೆಯ ಬಗೆಯ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನಲ್ಲೂ ಸುರುಳಿ ಆಕಾರದ ಸಿಎಫ್‌ಎಲ್ ಬಲ್ಬಿನಲ್ಲೂ ಪಾದರಸ ಇರುತ್ತದೆ. ಆಟಿಕೆ, ರಿಮೋಟುಗಳಲ್ಲಿನ ಗುಂಡಿಯಂಥ ಚಿಕ್ಕ ಸೆಲ್ಲನ್ನು ಮಗು ನುಂಗಿದರೆ ಅದು ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಇಂಥವೆಲ್ಲ ಎತ್ತರದ ಕಪಾಟಿನಲ್ಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇರಲಿ. ಗಾಜಿನ ಚೂರನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕುವುದು ದೊಡ್ಡವರ ಕೆಲಸ. ಆದರೆ ಮಗು ಅದನ್ನು ನೋಡಲಿ, ಯಾಕೆ ಎಂದು ಕೇಳಲಿ. ಬೆಳಿಗ್ಗೆ ಗಾಡಿಯ ಜೊತೆ ಬರುವ ಪೌರಕಾರ್ಮಿಕರ ಕೈ ಕೊಯ್ಯಬಾರದು ಎಂಬ ಉತ್ತರ ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು ಮಾತು: ಒಣ ಕಸವನ್ನು ಹಿತ್ತಲಲ್ಲಿ, ಚರಂಡಿ ಪಕ್ಕದಲ್ಲಿ ಸುಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನಿಲ್ಲಿಸಿ. ಪ್ಲಾಸ್ಟಿಕ್ ಹೊಗೆ ಮೊದಲು ಹೋಗುವುದು ಪಕ್ಕದಲ್ಲಿ ಆಡುತ್ತಿರುವ ಮಗುವಿನ ಎದೆಗೆ.

ಹಂತ 1: ಏಳು ದಿನದ ಲೆಕ್ಕ (ಮೊದಲ ವಾರ)

ಹಬ್ಬ, ಜಾತ್ರೆ, ನೆಂಟರ ಬರವು ಇಲ್ಲದ ವಾರ ಆರಿಸಿ. ಈ ವಾರ ಯಾರೂ ಏನನ್ನೂ ಬದಲಿಸಬೇಕಿಲ್ಲ, ಬರೀ ಬರೆಯಬೇಕು.

1. ಅಡುಗೆಮನೆಯ ಹಸಿ ಕಸ (ಸಿಪ್ಪೆ, ಸೊಪ್ಪಿನ ದಂಟು, ಚಹಾ ಚರಟ) ಒಂದು ಪಾತ್ರೆಗೆ, ತಟ್ಟೆಯಲ್ಲಿ ಉಳಿದ ಅನ್ನ-ರೊಟ್ಟಿ ಇನ್ನೊಂದಕ್ಕೆ. ಎರಡನ್ನೂ ಬೆರೆಸಬೇಡಿ. ಸಿಪ್ಪೆ ತಪ್ಪಿಸಲಾಗದ ಕಸ, ಉಳಿದ ಅನ್ನ ತಪ್ಪಿಸಬಹುದಾದ ಕಸ.
2. ರಾತ್ರಿ ಊಟ ಮುಗಿದ ಮೇಲೆ ಎರಡನ್ನೂ ಬೇರೆ ಬೇರೆ ತೂಗಿ ಗ್ರಾಂ ಲೆಕ್ಕದಲ್ಲಿ ಬರೆಯಿರಿ. ಖಾಲಿ ಪಾತ್ರೆಯ ತೂಕ ಕಳೆಯುವುದನ್ನು ಮರೆಯಬೇಡಿ; ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ.
3. ಪ್ಲಾಸ್ಟಿಕ್ ಪ್ಯಾಕೆಟ್‌ಗಳನ್ನು ತೂಗಬೇಡಿ, ಎಣಿಸಿ.

ಮೂರನೆಯದಕ್ಕೆ ಕಾರಣ ಇದೆ. ಚಿಪ್ಸ್, ಬಿಸ್ಕತ್ತು, ಶಾಂಪೂ ಚೀಟಿಗಳು ಒಂದೊಂದೂ ಕೆಲವೇ ಗ್ರಾಂ ತೂಗುತ್ತವೆ. ತೂಕದಲ್ಲಿ ನೋಡಿದರೆ ಒಂದು ಕಲ್ಲಂಗಡಿ ಸಿಪ್ಪೆಯ ಮುಂದೆ ವಾರದ ಪ್ಯಾಕೆಟ್ಟೆಲ್ಲ ಸೇರಿದರೂ ಲೆಕ್ಕಕ್ಕಿಲ್ಲ. ಆದರೆ ಸಿಪ್ಪೆ ಎರಡು ತಿಂಗಳಲ್ಲಿ ಮಣ್ಣಾಗುತ್ತದೆ, ಪ್ಯಾಕೆಟ್ ಆಗುವುದಿಲ್ಲ. ಬಾಗಿಲ ಹಿಂದೆ ಒಂದು ದಾರ ಕಟ್ಟಿ, ತೊಳೆದು ಒಣಗಿಸಿದ ಪ್ಯಾಕೆಟ್‌ಗಳನ್ನು ಬಟ್ಟೆ ಕ್ಲಿಪ್ಪಿನಿಂದ ಸಾಲಾಗಿ ಸಿಕ್ಕಿಸಿ. ಭಾನುವಾರ ಆ ಸಾಲು ಎಷ್ಟುದ್ದ ಆಯಿತು ಎಂದು ಮಗು ಟೇಪು ಹಿಡಿದು ಅಳೆಯಲಿ. ಅಂಕಿ ತಿಳಿಯದ ಚಿಕ್ಕ ಮಗುವಿಗೂ ಉದ್ದ ತಿಳಿಯುತ್ತದೆ.

ಈ ವಾರ ಆಗುವ ದೊಡ್ಡ ತಪ್ಪು: ಮಗು ಪೊಲೀಸ್ ಆಗಿಬಿಡುವುದು. "ಅಜ್ಜಿ, ನೀ ಅನ್ನ ಚೆಲ್ಲೀದಿ" ಎಂದು ಮನೆಯವರ ಮೇಲೆ ತಪ್ಪು ಹೊರಿಸಲು ಶುರು ಮಾಡಿದರೆ ಎರಡೇ ದಿನದಲ್ಲಿ ಎಲ್ಲರಿಗೂ ಬೇಸರ. ಯಾರ ಕಸ ಎಂದು ಬರೆಯುವುದು ಬೇಡ, ಯಾವ ಕಸ ಎಂದು ಮಾತ್ರ ಬರೆಯಲಿ.

ಹಂತ 2: ಗುಜರಿ ಪರೀಕ್ಷೆ (ಎರಡನೇ ವಾರದ ಮೊದಲ ಎರಡು ದಿನ)

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿ ಕೊಡಲು ಹೇಳಿದವು. ಮಕ್ಕಳಿಗೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಪ್ರಶ್ನೆ ಬೇಕು: ಈ ಒಣ ಕಸವನ್ನು ಗುಜರಿಯವರು ದುಡ್ಡು ಕೊಟ್ಟು ತಗೊಳ್ತಾರಾ?

ವಾರದ ಒಣ ಕಸವನ್ನು ನೆಲದ ಮೇಲೆ ಹರಡಿ ಎರಡು ಗುಡ್ಡೆ ಮಾಡಿಸಿ. ಪೇಪರ್, ರಟ್ಟು, ನೀರಿನ ಬಾಟಲಿ, ಎಣ್ಣೆ ಕ್ಯಾನು, ಕಬ್ಬಿಣ, ಅಲ್ಯೂಮಿನಿಯಂ ಒಂದು ಕಡೆ. ಯಾರಿಗೂ ಬೇಡವಾದದ್ದು ಇನ್ನೊಂದು ಕಡೆ. ಚಿಪ್ಸ್ ಪ್ಯಾಕೆಟ್ ಎರಡನೆಯ ಗುಡ್ಡೆಗೇ ಬೀಳುತ್ತದೆ. ಅದು ಬಹುಪದರದ ಪ್ಲಾಸ್ಟಿಕ್, ಅಂದರೆ ಬೇರೆ ಬೇರೆ ಬಗೆಯ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಪದರ ಬಿಡಿಸುವ ಖರ್ಚೇ ಹೆಚ್ಚಾಗುವುದರಿಂದ ಅದಕ್ಕೆ ಬೆಲೆಯಿಲ್ಲ. ಗುರುತಿಸುವ ಬಗೆ ಸುಲಭ: ಮುಷ್ಟಿಯಲ್ಲಿ ಮುದುಡಿ ಬಿಟ್ಟಾಗ ಬೆಳ್ಳಗೆ ಹೊಳೆಯುವ ಹಾಳೆ ಮತ್ತೆ ಅರಳಿಕೊಂಡರೆ ಅದು ಪ್ಲಾಸ್ಟಿಕ್, ಮುದುಡಿದಂತೆಯೇ ಉಳಿದರೆ ಅಲ್ಯೂಮಿನಿಯಂ.

ಗುಜರಿ ಅಂಗಡಿಗೆ ಮಗುವನ್ನೂ ಕರೆದುಕೊಂಡು ಹೋಗಿ. ದರ ಕೇಳುವುದು, ತೂಕ ನೋಡುವುದು, ದುಡ್ಡು ಎಣಿಸುವುದು ಮಗುವಿನದೇ ಕೆಲಸ. ಬಂದ ದುಡ್ಡನ್ನು ಬಹುಮಾನ ಎಂದು ಮಗುವಿನ ಕೈಗೆ ಕೊಡಬೇಡಿ. ಕೊಟ್ಟರೆ ಹೆಚ್ಚು ಬಾಟಲಿ ತಂದರೆ ಹೆಚ್ಚು ದುಡ್ಡು ಎಂಬ ತಲೆಕೆಳಗಿನ ಲೆಕ್ಕ ಕಲಿಯುತ್ತದೆ. ಮನೆಯ ಡಬ್ಬಿಗೆ ಹಾಕಿ, ಯಾವುದಕ್ಕೆ ಖರ್ಚು ಮಾಡಬೇಕೆಂದು ಎಲ್ಲರೂ ಕೂತು ಮಾತಾಡಿ.

"ನಾವು ಬೇರೆ ಮಾಡಿ ಕೊಡ್ತೀವಿ, ಗಾಡ್ಯಾಗ ಎಲ್ಲಾ ಒಂದೇ ಕಡೆ ಸುರೀತಾರಲ್ಲ?" ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಒಮ್ಮೆ ಕಣ್ಣಾರೆ ಕಂಡ ಮಗು ಮತ್ತೆ ಕಸ ಬೇರ್ಪಡಿಸುವುದಿಲ್ಲ. ಪರಿಹಾರ ನಿಮ್ಮ ಕೈಯಲ್ಲೇ ಇದೆ: ಹಸಿ ಕಸ ಮನೆಯಲ್ಲೇ ಗೊಬ್ಬರವಾಗಲಿ, ಬೆಲೆಯಿರುವ ಒಣ ಕಸ ತಿಂಗಳಿಗೊಮ್ಮೆ ಗುಜರಿಗೆ ಹೋಗಲಿ. ಆಗ ಗಾಡಿಗೆ ಕೊಡುವುದು ಆ ಎರಡನೇ ಗುಡ್ಡೆ, ಪೇಪರಿನಲ್ಲಿ ಸುತ್ತಿದ ಪ್ಯಾಡು-ಡೈಪರು, ಬೇರೆ ಕಟ್ಟಿದ ಅಪಾಯದ ಕಸ, ಇಷ್ಟೇ. ಬೆರೆತು ಹಾಳಾಗುವಂಥದ್ದು ಅದರಲ್ಲಿ ಏನೂ ಉಳಿದಿರುವುದಿಲ್ಲ.

ಹಂತ 3: ಅಂಗಡಿಯ ಪಾಠ (ಎರಡನೇ ವಾರದ ಉಳಿದ ದಿನಗಳು)

ಪ್ಯಾಕೆಟ್ಟಿನ ಸಾಲು ಇನ್ನೂ ಬಾಗಿಲ ಹಿಂದೆ ಇರುವಾಗಲೇ ಇದನ್ನು ಮಾಡಿ.

ಮೊದಲು ಕೆ.ಜಿ. ಲೆಕ್ಕ. ಪ್ರತಿ ಪ್ಯಾಕೆಟ್ಟಿನ ಮೇಲೂ ನಿವ್ವಳ ತೂಕ ಅಚ್ಚಾಗಿರುತ್ತದೆ. ಹತ್ತು ರೂಪಾಯಿ ಪ್ಯಾಕೆಟ್ಟಿನಲ್ಲಿ 25 ಗ್ರಾಂ ಇದ್ದರೆ ಕೆ.ಜಿ.ಗೆ ₹400 ಆಯಿತು. ಅದೇ ದಿನ ಸಂತೆಯಲ್ಲಿ ಶೇಂಗಾ, ಮಂಡಕ್ಕಿ, ಹುರಿಗಡಲೆಯ ದರ ಮಗುವೇ ಕೇಳಿ ಪಕ್ಕದಲ್ಲಿ ಬರೆಯಲಿ. ಚಿಪ್ಸ್ ತಿನ್ನಬಾರದು ಎಂದು ನೀವು ಹೇಳುವ ಅಗತ್ಯವೇ ಬರುವುದಿಲ್ಲ. ಪೂರ್ತಿ ನಿಲ್ಲಿಸುವುದೂ ಬೇಡ, ವಾರಕ್ಕೆ ಎಷ್ಟು ಪ್ಯಾಕೆಟ್ ಎಂಬ ಮಿತಿಯನ್ನು ಮಗುವೇ ಹಾಕಿಕೊಳ್ಳಲಿ. ಏಳು ಇದ್ದದ್ದು ಮೂರಕ್ಕೆ ಇಳಿದರೆ ಅದು ಉಳಿಯುತ್ತದೆ. ಸೊನ್ನೆಗೆ ಇಳಿಸಿದರೆ ಕದ್ದು ತಿನ್ನುವುದು ಶುರುವಾಗುತ್ತದೆ.

ಎರಡನೆಯದು ಕಾಯುವ ಹಾಳೆ. ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಮೂರು ಕಾಲಮ್ಮು ಹಾಕಿ: ಏನು ಬೇಕು, ಬರೆದ ತಾರೀಖು, ಇದರ ಬದಲು ಮನೆಯಲ್ಲಿ ಏನಿದೆ. ₹200ರೊಳಗಿನ ವಸ್ತುವಿಗೆ 15 ದಿನ, ಹೆಚ್ಚಿನದಕ್ಕೆ 30 ದಿನ ಕಾಯಬೇಕು. ಅವಧಿ ಮುಗಿದ ಮೇಲೂ ಬೇಕು ಅನಿಸಿದರೆ ಕೊಡಿಸಲೇಬೇಕು, ಇಲ್ಲದಿದ್ದರೆ ಕಾಯುವುದೆಂದರೆ ಸುಮ್ಮನೆ ಇಲ್ಲ ಅನ್ನುವುದಕ್ಕೆ ಇನ್ನೊಂದು ಹೆಸರು ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಈ ನಿಯಮ ದೊಡ್ಡವರಿಗೂ ಇರಲಿ. ಅಪ್ಪನ ಹೊಸ ಮೊಬೈಲು, ಅವ್ವನ ಸೀರೆ ಕೂಡ ಅದೇ ಹಾಳೆಯಲ್ಲಿ, ಅದೇ ತಾರೀಖಿನ ಲೆಕ್ಕದಲ್ಲಿ.

ಆಟಿಕೆ ಕೊಳ್ಳುವಾಗ ಒಂದೇ ಪ್ರಶ್ನೆ ಸಾಕು: ಮುರಿದರೆ ರಿಪೇರಿ ಆಗುತ್ತದಾ? ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳನ್ನು ಒಮ್ಮೆ ತೋರಿಸಿ. ಹಗುರ ಮರದ ಮೈ, ಅದರ ಮೇಲೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರು ಸೇರಿಸಿ ಅರೆದ ಕಿಟ್ಟ. ಬಿಸಾಡಬಹುದಾದ ವಸ್ತುಗಳಿಂದಲೇ ನಮ್ಮ ಕಡೆಯ ಚಿತ್ರಗಾರರು ತಲೆಮಾರುಗಳಿಂದ ಗೊಂಬೆ ಮಾಡುತ್ತ ಬಂದಿದ್ದಾರೆ.

ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಹುಟ್ಟುಹಬ್ಬಕ್ಕೆ ಸ್ಟೀಲ್ ತಟ್ಟೆ ಅಥವಾ ಮುತ್ತುಗದ ಎಲೆಯ ಪತ್ರಾವಳಿ ಇಡಿ.

ಹಂತ 4: ಗೊಬ್ಬರದ ಬಕೆಟ್ (ಮೂರನೇ ವಾರದಿಂದ)

ಮಕ್ಕಳು ಹೆಚ್ಚು ಇಷ್ಟಪಡುವ ಕೆಲಸ ಇದು, ಹೆಚ್ಚು ಕೆಡುವುದೂ ಇದೇ. ನಿಧಾನವಾಗಿ ಓದಿ.

1. ಬಕೆಟ್ಟಿನ ಸುತ್ತ ಎರಡು ಸಾಲಿನಲ್ಲಿ 12, ತಳದಲ್ಲಿ 5 ತೂತು ಹಾಕಿ. ತೂತು ಪೆನ್ಸಿಲ್ ದಪ್ಪ, ಅಂದರೆ ಸುಮಾರು 8 ಮಿ.ಮೀ. ಇರಲಿ. ಡ್ರಿಲ್ ಆಗಲಿ ಕಾಯಿಸಿದ ಮೊಳೆಯಾಗಲಿ, ಇದು ದೊಡ್ಡವರ ಕೆಲಸ. ಕೆಳಗೆ ಹಳೆಯ ತಟ್ಟೆ, ತಟ್ಟೆಯ ಮೇಲೆ ಎರಡು ಇಟ್ಟಿಗೆ ಚೂರು, ಅದರ ಮೇಲೆ ಬಕೆಟ್.
2. ತಳಕ್ಕೆ ಮೂರು ಇಂಚು ತೊಗರಿಕಟ್ಟಿಗೆ ಅಥವಾ ಹತ್ತಿಕಟ್ಟಿಗೆ, ಬೆರಳುದ್ದ ಮುರಿದು ಹಾಕಿ. ಗಾಳಿ ಆಡುವುದು ಇದರಿಂದಲೇ.
3. ಅದರ ಮೇಲೆ ಎರಡು ಇಂಚು ಪುಡಿ ಮಾಡಿದ ಒಣ ಎಲೆ. ಆಮೇಲೆ ಅರ್ಧ ಕೆ.ಜಿ. ಸಗಣಿ, ಇಲ್ಲವೇ ಒಂದು ಲೀಟರ್ ನೀರಿಗೆ ಒಂದು ಲೋಟ ಹುಳಿ ಮಜ್ಜಿಗೆ ಕಲಸಿ ಅದರಲ್ಲಿ ಅರ್ಧದಷ್ಟನ್ನು ಚಿಮುಕಿಸಿ. ಕೊಳೆಸುವ ಸೂಕ್ಷ್ಮಜೀವಿಗಳು ಬರುವುದು ಇದರಿಂದ.
4. ದಿನವೂ ಒಂದು ಬೋಗುಣಿ ಹಸಿ ಕಸಕ್ಕೆ ಎರಡು ಬೋಗುಣಿ ಒಣ ಎಲೆ. ಹಸಿ ಕಸವನ್ನು ಇಂಚಿನ ಚೂರು ಮಾಡಿ ಹಾಕಿ. ಮೇಲೆ ಯಾವಾಗಲೂ ಒಣ ಎಲೆಯೇ ಕಾಣಬೇಕು.
5. ವಾರಕ್ಕೆ ಎರಡು ಸಲ ಕೋಲಿನಿಂದ ತಳದವರೆಗೂ ತಿರುವಿ.
6. ನಾಲ್ಕು ಜನರ ಮನೆಯಲ್ಲಿ ಮೂರು ವಾರದ ಹೊತ್ತಿಗೆ ಬಕೆಟ್ ತುಂಬುತ್ತದೆ. ತುಂಬಿದ್ದನ್ನು ಆರು ವಾರ ಹಾಗೇ ಬಿಡಿ, ಹೊಸ ಕಸವನ್ನು ಎರಡನೆಯದಕ್ಕೆ ಹಾಕಿ, ಅದು ತುಂಬಿದ ಮೇಲೆ ಮೂರನೆಯದಕ್ಕೆ. ಮೂರನೆಯದು ತುಂಬುವಾಗ ಮೊದಲನೆಯದು ತಯಾರಾಗಿರುತ್ತದೆ. ಮೂರು ಬಕೆಟ್ ಬೇಕು ಎಂದದ್ದು ಇದಕ್ಕೇ.

ಹಾಕಬಾರದ್ದು: ಮಾಂಸ, ಮೂಳೆ, ಎಣ್ಣೆ ತುಂಬಿದ ಪಲ್ಯ, ಹಾಲು-ಮೊಸರು. ನಿಂಬೆ ಸಿಪ್ಪೆ ಸ್ವಲ್ಪ ಸಾಕು. ಉಳಿದ ಅನ್ನ ಹಾಕಿದರೆ ಅದರ ಮೂರು ಪಟ್ಟು ಒಣ ಎಲೆ ಹಾಕಿ, ಇಲ್ಲದಿದ್ದರೆ ಮುದ್ದೆಗಟ್ಟಿ ನಾರುತ್ತದೆ.

ಗಂಗಾವತಿ, ಸಿಂಧನೂರು ಕಡೆಯವರು ಗಿರಣಿಯ ಭತ್ತದ ಹೊಟ್ಟನ್ನೇ ಒಣ ಎಲೆಯ ಬದಲು ಬಳಸಬಹುದೇ ಎಂದು ಕೇಳುತ್ತಾರೆ. ಬಳಸಬಹುದು, ಆದರೆ ಒಣ ಭಾಗದ ಕಾಲು ಪಾಲಿಗಿಂತ ಹೆಚ್ಚು ಬೇಡ. ಹೊಟ್ಟಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶವೇ, ಹೆಚ್ಚಾಗಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ. ಬೇಸಿಗೆಗೆ ಮುಂಚೆ ಉದುರುವ ಬೇವಿನ ಎಲೆ, ಹೊಂಗೆ ಎಲೆ ಗುಡಿಸಿ ಗೋಣಿಯಲ್ಲಿ ತುಂಬಿಟ್ಟುಕೊಂಡರೆ ಬಹಳ ದಿನಕ್ಕೆ ಬರುತ್ತದೆ.

ಬೇರೆ ಊರಿನವರು ಬರೆದ ಕ್ರಮ ನಮ್ಮಲ್ಲಿ ಕೆಡುವುದು ಬಿಸಿಲಿನಿಂದ. 40 ಡಿಗ್ರಿ ದಾಟಿದ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿಗಿಟ್ಟ ಬಕೆಟ್ ಎರಡೇ ದಿನದಲ್ಲಿ ಒಣಗಿ ಕೊಳೆಯುವುದೇ ನಿಂತುಹೋಗುತ್ತದೆ. ದಿನವಿಡೀ ನೆರಳಿರುವ ಕಡೆ ಇಡಿ, ಹೊರಗೆ ಒದ್ದೆ ಗೋಣಿ ಸುತ್ತಿ. ತೇವದ ಪರೀಕ್ಷೆ ಮಗುವೇ ಮಾಡಲಿ, ಆಮೇಲೆ ಸೋಪಿನಿಂದ ಕೈ ತೊಳೆಯಲಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿಯಿದೆ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಹಾಕಿ, ಮುಷ್ಟಿ ಬಿಚ್ಚಿದ ಕೂಡಲೇ ಉದುರಿದರೆ ನೀರು ಚಿಮುಕಿಸಿ.

ಏನಾದರೆ ಏನು ಮಾಡಬೇಕು: ಕೆಟ್ಟ ವಾಸನೆ ಬಂದರೆ ತೇವ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ, ನಾಲ್ಕು ಬೋಗುಣಿ ಒಣ ಎಲೆ ಹಾಕಿ ತಿರುವಿ. ಇರುವೆ ಮುತ್ತಿದರೆ ಒಣಗಿದೆ, ನೀರು ಹಾಕಿ. ಬೂದುಬಣ್ಣದ ದಪ್ಪ ಹುಳ ಕಂಡರೆ ಹೆದರಬೇಡಿ, ಅದು ಕಸ ತಿನ್ನುವ ಒಂದು ಜಾತಿಯ ನೊಣದ ಮರಿಹುಳ, ಕಚ್ಚುವುದಿಲ್ಲ. ಮೇಲೆ ಒಣ ಎಲೆ ದಪ್ಪಗೆ ಹೊದಿಸಿದರೆ ಕಡಿಮೆಯಾಗುತ್ತದೆ. ಔಷಧಿ ಹೊಡೆಯಬೇಡಿ, ಕೊಳೆಸುವ ಜೀವಿಗಳೂ ಸಾಯುತ್ತವೆ. ತಯಾರಾದ ಗೊಬ್ಬರ ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆಯಲ್ಲಿ ಇರುತ್ತದೆ. ಜರಡಿ ಹಿಡಿದು, ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಬೆರೆಸಿ ಮೆಂತ್ಯ ಬಿತ್ತಿಸಿ. ನಾಲ್ಕೈದು ದಿನದಲ್ಲಿ ಮೊಳಕೆ ಕಾಣುವುದರಿಂದ ಮಕ್ಕಳಿಗೆ ಕಾಯುವ ಕಷ್ಟವಿಲ್ಲ.

ಹಂತ 5: ತಟ್ಟೆ, ನೀರು, ಬಟ್ಟೆ (ನಾಲ್ಕನೇ ವಾರ)

ತಟ್ಟೆಯ ನಿಯಮ ಒಂದೇ ಸಾಲಿನದು: ಮೊದಲು ಅರ್ಧ ರೊಟ್ಟಿ, ಒಂದು ಸೌಟು ಅನ್ನ, ಬೇಕಾದರೆ ಎಷ್ಟು ಸಲವಾದರೂ ಕೇಳಬಹುದು. ಹಾಕಿಸಿಕೊಂಡದ್ದನ್ನು ಮುಗಿಸಲೇಬೇಕು ಎಂದು ಬೆದರಿಸಬೇಡಿ, ನೀಡುವುದನ್ನು ಕಡಿಮೆ ಮಾಡಿ. ಉಳಿದ ಜೋಳದ ರೊಟ್ಟಿಯನ್ನು ಕಟಕ, ಅಂದರೆ ಗರಿಗರಿ, ಮಾಡಿ ಒಣಗಿಸಿಟ್ಟರೆ ಕೆಡುವುದಿಲ್ಲ. ಅನ್ನದ ಮಾತು ಬೇರೆ: ನಮ್ಮ ಬೇಸಿಗೆಯಲ್ಲಿ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅದನ್ನು ಉಳಿಸುವುದಕ್ಕಿಂತ ಅಕ್ಕಿ ಅಳೆಯುವಾಗಲೇ ಅರ್ಧ ಲೋಟ ಕಡಿಮೆ ಹಾಕುವುದೇ ದಾರಿ, ಹಂತ 1ರ ಲೆಕ್ಕ ನೋಡಿ ಎಷ್ಟು ಕಡಿಮೆ ಎಂದು ಮಗು ಹೇಳಲಿ.

ನಳ ಬಂದ ದಿನ ಡ್ರಮ್ಮಿನ "ಹಳೇ ನೀರು" ಚರಂಡಿಗೆ ಚೆಲ್ಲಿ ಹೊಸದು ತುಂಬುವುದು ನಮ್ಮ ಅನೇಕ ಓಣಿಗಳಲ್ಲಿ ಕಾಣುತ್ತದೆ. ಮುಚ್ಚಿಟ್ಟ ನೀರು ಬಟ್ಟೆ ಒಗೆಯಲು, ಅಂಗಳ ತೊಳೆಯಲು, ಗಿಡಕ್ಕೆ ಹಾಕಲು ಚೆನ್ನಾಗಿಯೇ ಇರುತ್ತದೆ. ಹಾಗೆಂದು ಡ್ರಮ್ಮು ತೊಳೆಯುವುದನ್ನು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆಯಿರಿ. ಆ ದಿನದ ನೀರು ಎಲ್ಲಿ ಬಳಸಬೇಕೆಂಬುದು ಮಗುವಿನ ಪಟ್ಟಿ.

ಬಟ್ಟೆಗೆ ನಮ್ಮಲ್ಲಿ ಕೌದಿಗಿಂತ ದೊಡ್ಡ ಪಾಠ ಬೇಕಿಲ್ಲ. ಮನೆಯ ಹಿರಿಯರನ್ನೇ ಗುರುಗಳನ್ನಾಗಿ ಕೂರಿಸಿ. ಶುರುವಿಗೆ ಪೂರ್ತಿ ಕೌದಿ ಬೇಡ, ಕೂರುವ ಚಿಕ್ಕ ಹಾಸು ಸಾಕು: ಹಳೆಯ ಹತ್ತಿ ಬಟ್ಟೆಯಿಂದ 6 ಇಂಚಿನ ಚೌಕ 16. ಅರ್ಧ ಇಂಚು ಹೊಲಿಗೆಗೆ ಬಿಟ್ಟು ನಾಲ್ಕರಂತೆ ಜೋಡಿಸಿದರೆ ಅಂಚು ಮಡಿಚುವ ಮುಂಚೆ 21 ಇಂಚಿನ ಚೌಕ ಆಗುತ್ತದೆ. ಅಡಿಗೆ ಹಳೆಯ ಸೀರೆಯ ಎರಡು ಪದರ ಇಟ್ಟು, ಹೊರ ಅಂಚಿನಿಂದ ಒಳಕ್ಕೆ ಸಾದಾ ಓಡುಹೊಲಿಗೆ. ನೈಲಾನ್, ಪಾಲಿಯೆಸ್ಟರ್ ಬೆರೆಸಬೇಡಿ, ಸೆಖೆಗೆ ಮೈಗೆ ಅಂಟುತ್ತದೆ.

ಬಳ್ಳಾರಿಯವರ ಮನೆಯಲ್ಲಿ ಹಳೆಯ ಜೀನ್ಸಿಗೆ ಬರವಿಲ್ಲ. ತೊಡೆಯ ಭಾಗದಿಂದ 16 ಇಂಚು ಕತ್ತರಿಸಿ, ಒಳಹೊರಗೆ ಮಾಡಿ, ಒಂದು ಬಾಯಿಗೆ ಎರಡು ಸಾಲು ಹೊಲಿಗೆ ಹಾಕಿ. ಸೊಂಟದ ಪಟ್ಟಿಯೇ ಹಿಡಿಕೆ. ಜೀನ್ಸಿನ ದಪ್ಪ ಮಡಿಕೆಗೆ ಮಗುವಿನ ಕೈಯ ಸೂಜಿ ಇಳಿಯುವುದಿಲ್ಲ, ಜಾರಿ ಚುಚ್ಚುತ್ತದೆ. ಅದನ್ನು ಟೇಲರ್ ಹತ್ತಿರ ಹೊಲಿಸಿ, ಅಳತೆ ಮತ್ತು ಗುರುತು ಮಗುವಿನದಾಗಲಿ. ತಾನೇ ಗುರುತು ಹಾಕಿದ ಚೀಲವನ್ನು ಸಂತೆಗೆ ಒಯ್ಯಲು ಮಗು ಮರೆಯುವುದಿಲ್ಲ.

ಹಂತ 6: ಮತ್ತೆ ತೂಕ (ಐದನೇ ವಾರ)

ಹಂತ 1ರಂತೆಯೇ ಏಳು ದಿನ. ನೆಂಟರು ಬಂದ ದಿನಕ್ಕೆ ಪಕ್ಕದಲ್ಲಿ ಗುರುತು ಹಾಕಿ. ಸಿಪ್ಪೆಯ ತೂಕ ಇಳಿಯದಿದ್ದರೆ ಬೇಸರ ಬೇಡ, ಮಾವಿನ ಕಾಲದಲ್ಲಿ ಏರುವುದೇ ಸಹಜ. ನೋಡಬೇಕಾದದ್ದು ಎರಡೇ ಅಂಕಿ: ತಟ್ಟೆಯಲ್ಲಿ ಉಳಿದ ಅನ್ನ-ರೊಟ್ಟಿಯ ಗ್ರಾಂ, ದಾರದ ಮೇಲಿನ ಪ್ಯಾಕೆಟ್ಟಿನ ಸಂಖ್ಯೆ. ಅನ್ನದ ಅಂಕಿ ಇಳಿಯದಿದ್ದರೆ ಅಕ್ಕಿ ಅಳೆಯುವ ಲೋಟವನ್ನೇ ಚಿಕ್ಕದು ಮಾಡಿ. ಪ್ಯಾಕೆಟ್ ಇಳಿಯದಿದ್ದರೆ ದಾರದ ಮೇಲೆ ಯಾವುದು ಹೆಚ್ಚಿದೆ ಎಂದು ಬಣ್ಣ ನೋಡಿ ವಿಂಗಡಿಸಿ. ಅನೇಕ ಮನೆಗಳಲ್ಲಿ ಅದು ಮಗುವಿನ ಚಿಪ್ಸ್ ಆಗಿರುವುದಿಲ್ಲ. ಶಾಂಪೂ ಚೀಟಿ, ಚಹಾಪುಡಿ ಪೊಟ್ಟಣ, ಹಾಲಿನ ಕವರ್ ಆಗಿರುತ್ತದೆ. ಆಗ ಮುಂದಿನ ತಿಂಗಳ ಕಾಯುವ ಹಾಳೆಯಲ್ಲಿ ಮೊದಲ ಸಾಲು ದೊಡ್ಡವರದು: ಚೀಟಿಯ ಬದಲು ದೊಡ್ಡ ಬಾಟಲಿ, ಚಿಕ್ಕ ಪೊಟ್ಟಣದ ಬದಲು ಒಂದು ಕೆ.ಜಿ.ಯ ಚಹಾಪುಡಿ, ಸಾಧ್ಯವಿದ್ದರೆ ಓಣಿಯ ಎಮ್ಮೆಯವರ ಮನೆಗೆ ತಂಬಿಗೆ ಹಿಡಿದು ಹೋಗಿ ಹಾಲು.